ಬಾವಿಯೊಳಗಿದ್ದ ರಸ್ತೆ

ಹೋದ ಭಾನುವಾರ ಇಟ್ಟಂಗಿಹಾಳದ ಕಡೆಗಿನ ನಮ್ಮ ಬಡಾವಣೆಗೆ ಹೋಗಿದ್ದೆ. ಬಬಲೇಶ್ವರಕ್ಕೆ ವರ್ಗವಾದಾಗಿನಿಂದ ಅಲ್ಲೇ ಬಾಡಿಗೆ ಮನೆಯಲ್ಲಿದ್ದೇವೆ. ವಿಜಯಪುರದ ಮನೆಗೆ ಆಗಾಗ ಹೋಗಿ ಕಸ ಹೊಡೆದು, ಗಿಡಕ್ಕೆ ನೀರು ಹಾಕಿ ಬರುತ್ತೇನೆ. ಹಿಂದಿನ ದಿನ ಮಳೆಯಾಗಿತ್ತು. ಡಾಂಬರು ರಸ್ತೆ ಬೇವಿನ ಮರದವರೆಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಬಾವಿಯತನಕ ಒಂದು ತುಂಡು ದಾರಿಗೆ ನಾವು ಬೇಕೆಂದೇ ಡಾಂಬರು ಹಾಕಿಸಿಲ್ಲ. ಅಲ್ಲಿ ನೆಲದೊಳಗಿಂದ ನೀಲಿ ಟೈಲ್ಸಿನ ಚೂರುಗಳು ಮಳೆಗೆ ತೊಳೆದು ಮಿರಮಿರ ಮಿಂಚುತ್ತಿದ್ದವು. ಸ್ಕೂಟಿ ನಿಲ್ಲಿಸಿದೆ. ಬಾವಿಯ ಕಡೆಯಿಂದ ಹಸಿ ಕಲ್ಲಿನ, ಹಾವಸೆಯ ವಾಸನೆ ಮೂಗಿಗೆ ಬಿತ್ತು. ಆ ವಾಸನೆ ಬಂದದ್ದೇ ತಡ, ನಡುದಾರಿಯಲ್ಲಿ ಒಬ್ಬಳೇ ನಿಂತು ನಕ್ಕೆ. ನಾವೆಲ್ಲ ಸೇರಿ ಕೇಸು ಹಾಕಿದ ವರ್ಷ, ನಮ್ಮ ಕೇಸನ್ನು ನಾವೇ ಕಸಬರಿಗೆಯಿಂದ ಗುಡಿಸಿ ಹಾಕಿದ ವರ್ಷ ನೆನಪಾಯಿತು.

ಆಗ ನಾನು ತಿಕೋಟಾದ ಹೈಸ್ಕೂಲಿನಲ್ಲಿ ಗಣಿತದ ಟೀಚರು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನನ್ನ ಹೆಸರಿನಲ್ಲಿ ಒಂದು ಜಾಗ ತೆಗೆದುಕೊಂಡು, ಎರಡು ಕೋಣೆಯ ಮನೆ ಕಟ್ಟಿಸಿ, ನಾನು, ಗಂಡ ಬಸವರಾಜ, ಮಗಳು ಭೂಮಿಕಾ ಮೂವರೂ ಬಂದು ನೆಲೆಸಿದ್ದೆವು. ಜಾಗ ಮಾರಿದ ಕಂಪನಿಯ ಬಣ್ಣದ ಪುಸ್ತಕದಲ್ಲಿ ಸ್ವರ್ಗವೇ ಇತ್ತು. ಅಗಲ ರಸ್ತೆ, ಸಾಲುಗಿಡ, ನಟ್ಟನಡುವೆ ಕಮಾನಿನ ಹಳೆಯ ಬಾವಿ, ಅದರ ಸುತ್ತ ಉದ್ಯಾನ. ಬಂದು ನೋಡಿದರೆ ಬಾವಿಯೊಂದು ನಿಜ, ಉಳಿದದ್ದೆಲ್ಲ ಎರೆಮಣ್ಣು. ಮಳೆ ಬಂತೆಂದರೆ ಚಪ್ಪಲಿ ಒಂದು ಕಡೆ, ಕಾಲು ಒಂದು ಕಡೆ. ನಮ್ಮ ಮನೆಗೆ ಬಂದ ನೆಂಟರು ಹೋಗುವಾಗ ನಮ್ಮ ಅರ್ಧ ಜಾಗವನ್ನೇ ಕಾಲಿಗೆ ಮೆತ್ತಿಕೊಂಡು ಹೋಗುತ್ತಿದ್ದರು.

ಆ ಬಾವಿಯನ್ನು ನೋಡಿಯೇ ಜಾಗ ತೆಗೆದುಕೊಂಡವರು ಒಬ್ಬರಿದ್ದರು, ನಮ್ಮ ಎದುರುಮನೆಯ ಕಮಲಾಬಾಯಿ. ಮೂಲ ನಿಡೋಣಿಯವರು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಬಡಾವಣೆಗೆಲ್ಲ ಸಿಸ್ಟರಜ್ಜಿ. ನೌಕರಿಯಲ್ಲಿದ್ದಾಗ, ಕೆರೆಗೆ ಬಾವಿಗೆ ಬಿದ್ದು ಈಜು ಬಾರದೆ ಜೀವ ಬಿಟ್ಟ ಮಕ್ಕಳನ್ನು ತಾಯಂದಿರ ಕೈಗೆ ಕೊಟ್ಟ ಕೈ ಅವರದು. ಅದನ್ನು ಒಮ್ಮೆ ಮಾತ್ರ ಹೇಳಿದ್ದರು, ಮತ್ತೆ ಹೇಳಲಿಲ್ಲ. ಆದರೆ ಅವರ ಹಟಕ್ಕೆ ಬೇರು ಅಲ್ಲೇ ಇತ್ತು.

"ನಿಡೋಣ್ಯಾಗ ನಮ್ಮಪ್ಪನ ಬಾವ್ಯಾಗ ಮೀನಿನಂಗ ಈಜಾಡಿ ಬೆಳದಾಕಿ ನಾ. ಈ ಬಡಾವಣ್ಯಾಗ ಈಜು ಬರಲಾರದ್ದೊಂದು ಹುಡುಗಿ ಇರಬಾರದು ನೋಡು. ಮದಲ ನಿನ್ನ ಮಗಳು, ಆಮ್ಯಾಲ ನೀನು" ಎನ್ನುತ್ತಿದ್ದರು.

ನನಗೆ ಒಳಗೊಳಗೇ ಆಸೆ. ಸಣ್ಣವಳಿದ್ದಾಗ ಅಣ್ಣಂದಿರು ಬಾವಿಗೆ ಧುಮುಕುತ್ತಿದ್ದರೆ ನಾನು ದಂಡೆಯ ಮೇಲೆ ಅವರ ಅಂಗಿ ಚಡ್ಡಿ ಕಾಯುತ್ತಾ ಕೂಡುತ್ತಿದ್ದೆ. ಹೆಣ್ಣುಹುಡುಗಿಯ ಪಾಲಿಗೆ ಬಂದ ಜಲಕ್ರೀಡೆ ಅಷ್ಟೇ. ಅವರು ಮೇಲೆ ಬಂದು ಕೂದಲು ಕೊಡವಿದಾಗ ಮೈಮೇಲೆ ಬೀಳುತ್ತಿದ್ದ ಹನಿಗಳೇ ನನ್ನ ಸ್ನಾನ.

ಆ ವರ್ಷ ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಕಂಪನಿಯವರು ಗೇಟಿನ ಹತ್ತಿರ ಇದ್ದ ತಮ್ಮ ಆಫೀಸನ್ನು ಕೆಡವಿದರು. ಜಾಗಗಳೆಲ್ಲ ಮಾರಿಹೋಗಿದ್ದವು, ಆಫೀಸಿನ ಕೆಲಸವೂ ಮುಗಿದಿತ್ತು. ಒಂದು ಮಧ್ಯಾಹ್ನ ಟಿಪ್ಪರು ಬಂದು ಆ ಆಫೀಸಿನ ಗೋಡೆ, ನೆಲದ ನೀಲಿ ಟೈಲ್ಸು ಎಲ್ಲವನ್ನೂ ಬಾವಿಯೊಳಗೆ ಸುರಿಯತೊಡಗಿತು. ಬಾವಿ ಮುಚ್ಚಿ, ಉದ್ಯಾನದ ಜಾಗವನ್ನೂ ಸೇರಿಸಿ ಇನ್ನಷ್ಟು ಸೈಟು ಮಾಡುವ ಹಂಚಿಕೆ. ಸಿಸ್ಟರಜ್ಜಿ ಕೈಯಲ್ಲಿ ಲಟ್ಟಣಿಗೆ ಹಿಡಿದುಕೊಂಡೇ ಓಡಿ ಬಂದು ಟಿಪ್ಪರಿನ ಮುಂದೆ ನಿಂತರು. ಅವರ ಹಿಂದೆ ನಾವು. ಬಿಳಿ ಅಂಗಿಯ ಮ್ಯಾನೇಜರು ನಗುತ್ತಾ ಬಂದ.

"ಅಕ್ಕಾರ, ಇದು ಸತ್ತ ಬಾವಿರಿ. ಒಂದ್ ಹನಿ ನೀರಿಲ್ಲ. ನಾಳಿ ಯಾರದರ ಹುಡುಗರು ಬಿದ್ರ ಜವಾಬ್ದಾರಿ ಯಾರು? ಮುಚ್ಚಿದ್ರ ನಿಮಗ ಛಲೋ."

"ಹುಡುಗರು ಬೀಳ್ತಾವಂದ್ರ ಈಜು ಕಲಿಸ್ತಾರೋ ಬಾವಿ ಮುಚ್ಚತಾರೋ? ಹಂಗಾದ್ರ ಗಾಡಿ ಬಡೀತಾವಂತ ರಸ್ತಾನೂ ಮುಚ್ಚು. ಹಾಂ, ಮುಚ್ಚಾಕ ನೀ ರಸ್ತಾ ಮಾಡಿದ್ರಲ್ಲೇನು!" ಎಂದರು ಅಜ್ಜಿ.

ಅವತ್ತು ಟಿಪ್ಪರು ಹಿಂದಕ್ಕೆ ಹೋಯಿತು. ಆದರೆ ನಾಳೆ? ನಾವೆಲ್ಲ ನೌಕರಿಯವರು, ಹಗಲೆಲ್ಲ ಬಾವಿ ಕಾಯಲಾದೀತೇ? ಅಜ್ಜಿಯ ಕಟ್ಟೆಯ ಮೇಲೆ ಮೀಟಿಂಗು ಕೂಡಿತು. ಕೋರ್ಟಿಗೆ ಹೋಗೋಣ ಎಂದು ಒಬ್ಬರೆಂದರೆ, ನಮ್ಮ ಬಸವರಾಜ ಗಂಟಲು ಸರಿಪಡಿಸಿಕೊಂಡ. ವಿಮಾ ಕಚೇರಿಯಲ್ಲಿ ಕೆಲಸ ಅವನಿಗೆ. ಜಗತ್ತಿನಲ್ಲಿ ಏನೇನು ಕೆಡುಕಾಗಬಹುದು ಎಂದು ಯೋಚಿಸುವುದೇ ಹೊಟ್ಟೆಪಾಡು.

"ಕೋರ್ಟಿನಾಗ ಗೆದ್ದವ ಸೋತ, ಸೋತವ ಸತ್ತ ಅಂತಾರ. ನಮಗ್ಯಾಕ ಬೇಕ್ರಿ ಉಸಾಬರಿ?"

"ಒಬ್ಬನ ಹೋದ್ರ ಹಂಗ, ಬಸುರಾಜ. ಹತ್ತ ಮಂದಿ ಹುಲ್ಲಕಡ್ಡಿ ಒಬ್ಬಂಗ ತಲಿಹೊರಿ. ನಾವು ಒಂದೊಂದು ಕಡ್ಡಿ ಹಾಕೂಣು, ಹೊರಿ ಆ ಕಂಪನ್ಯಾಂವ ಹೊರ್ಲಿ" ಎಂದರು ಅಜ್ಜಿ.

ಆ ಮಾತನ್ನೇ ಕಾನೂನಿನ ಭಾಷೆಯಲ್ಲಿ ಹೇಳಿದವಳು ವಕೀಲೆ ಸುಜಾತಾ. ಬಬಲೇಶ್ವರದ ಹುಡುಗಿ, ವಿಜಯಪುರದಲ್ಲಿ ಆಗಷ್ಟೇ ಸ್ವಂತ ಕಚೇರಿ ತೆರೆದಿದ್ದಳು. ಕಚೇರಿಯೆಂದರೆ ಒಂದು ಟೇಬಲ್ಲು, ಒಂದು ಫ್ಯಾನು. ಫ್ಯಾನು ತಿರುಗಿದರೆ ಟೇಬಲ್ಲಿನ ಮೇಲಿನ ಕಾಗದಗಳೆಲ್ಲ ನಮ್ಮ ತೊಡೆಯ ಮೇಲೆ ಬರುತ್ತಿದ್ದವು.

"ಎಲ್ಲಾರಿಗೂ ಒಂದ ಥರದ ಮೋಸ ಆಗಿದ್ರ ಬ್ಯಾರೆ ಬ್ಯಾರೆ ಕೇಸ್ ಬ್ಯಾಡ್ರಿ" ಎಂದಳು. "ಗ್ರಾಹಕರ ಆಯೋಗದ ಪರ್ಮಿಶನ್ ತಗೊಂಡು ನಾಕೈದ ಮಂದಿ ಎಲ್ಲಾರ ಪರವಾಗಿ ಹಾಕಬಹುದು. ಉಳಿದವರಿಗೆ ಪೇಪರಿನಾಗ ನೋಟಿಸ್ ಕೊಡೂಣು. ಬಾವಿ ತೋರಿಸಿ ಜಾಗಾ ಮಾರ್ಯಾರ, ಬಾವಿ ಕೊಡಬೇಕು. ತೀರ್ಪು ಬಂದ್ರ ಜಾಗಾ ತಗೊಂಡವರಿಗೆಲ್ಲಾ ಹತ್ತತೈತಿ."

"ಸಹಿ ಹಾಕದ ದೂರ ಕುಂತವರಿಗೂ?" ಅಜ್ಜಿ ಕೇಳಿದರು.

"ಅವರಿಗೂ."

ಅಜ್ಜಿ ಬಸವರಾಜನ ಕಡೆ ತಿರುಗಿ "ಹಂಗಾದ್ರ ನಿನಗೂ ಲಾಭ ಐತಿ ಬಿಡಪ್ಪಾ" ಎಂದರು. ಬಸವರಾಜ ಫ್ಯಾನು ನೋಡಿದ.

ನನಗೊಂದು ಸಂಶಯ ಉಳಿದಿತ್ತು. ಹೋದ ವರ್ಷದವರೆಗೂ ಆ ಬಾವಿಗೆ ಕುರಿಯವರು ಬರುತ್ತಿದ್ದರು. ಪಕ್ಕದ ದ್ರಾಕ್ಷಿ ತೋಟಕ್ಕೆ, ಅಂದರೆ ಪಡಕ್ಕೆ, ಕೂಲಿಗೆ ಬರುವ ಹೆಣ್ಣುಮಕ್ಕಳು ನೀರು ಒಯ್ಯುತ್ತಿದ್ದರು. ಅವರು ಜಾಗ ಕೊಂಡವರಲ್ಲ, ಗ್ರಾಹಕರಲ್ಲ. ಅವರ ಪರ ಯಾರು ಕೇಳಬೇಕು?

ಸುಜಾತಾಳ ಕಣ್ಣು ಬೆಳಗಿತು. "ಅದಕ್ಕ ಬ್ಯಾರೆ ಬಾಗಿಲ ಐತ್ರಿ ಟೀಚರ್. ಸಾರ್ವಜನಿಕ ಹಿತಾಸಕ್ತಿ ಅರ್ಜಿ ಅಂತ, ಕಲಬುರಗಿ ಹೈಕೋರ್ಟಿನ್ಯಾಗ. ಅಲ್ಲಿ ಕೇಳಾಂವ ತನ್ನ ಸಲುವಾಗೇ ಕೇಳಬೇಕಂತಿಲ್ಲ. ನೀರು, ಗಾಳಿ, ಕೆರಿ, ಬಾವಿ ಎಲ್ಲಾರ ಸಲುವಾಗಿ ಯಾರರ ಕೇಳಬಹುದು. ಮದಲ ಇದನ್ನ ಗೆಲ್ಲೂಣು, ಆ ಬಾಗಿಲಾನೂ ಬಡಿಯೂಣು."

ಕಾರಹುಣ್ಣಿಮೆ ಹೊತ್ತಿಗೆ ಕೇಸು ದಾಖಲಾಯಿತು. ಮುಂದಿನ ವಿಚಾರಣೆಯವರೆಗೆ ಕಂಪನಿ ಬಾವಿಗೆ ಏನೂ ಸುರಿಯಬಾರದು ಎಂದು ಆಯೋಗ ಹೇಳಿತು. ಅವತ್ತು ಆಯೋಗದ ಮೆಟ್ಟಿಲ ಮೇಲೆ ಪೇಢೆ ಹಂಚಿದೆವು. ಹಂಚಿದವನು ಬಸವರಾಜ! "ನಮ್ಮ ಕೇಸು" ಎಂಬ ಮಾತು ಅವನ ಬಾಯಿಂದ ಮೊದಲ ಸಲ ಬಂತು. ನಾನು ಒಂದು ಪೇಢೆ ಹೆಚ್ಚಿಗೆ ತಿಂದೆ.

ಆದರೆ ಕಂಪನಿಯ ವಕೀಲರು ಗಟ್ಟಿಯಾಗಿದ್ದರು. ನಾವು ಮೊಬೈಲಿನಲ್ಲಿ ತೆಗೆದ ಫೋಟೋ ತೋರಿಸಿದರೆ, "ಇದು ಯಾವ ಊರಿನ ಬಾವಿಯೋ? ಈ ಜಿಲ್ಲೆಯಲ್ಲಿ ಬಾವಿಗೇನು ಬರಗಾಲವೇ? ನಮ್ಮ ಕಕ್ಷಿದಾರರು ಒಂದು ಬುಟ್ಟಿ ಮಣ್ಣೂ ಹಾಕಿಲ್ಲ. ಇದ್ದದ್ದು ನೀರಿಲ್ಲದ ಸತ್ತ ಬಾವಿ. ರಸ್ತೆಯಂತೂ ಆಗಲೇ ಸಿದ್ಧವಾಗಿದೆ" ಎಂದರು. ಯಾರ ಮಾತು ನಿಜವೆಂದು ಕಣ್ಣಾರೆ ನೋಡಿ ಬರಲಿ ಎಂದು ಆಯೋಗ ಒಬ್ಬ ಹಿರಿಯ ವಕೀಲರನ್ನು ಕಮಿಷನರ್ ಎಂದು ನೇಮಿಸಿತು. ಅವರು ಶ್ರಾವಣದ ಒಂದು ಸೋಮವಾರ ಬರುವವರಿದ್ದರು. ಅವರ ವರದಿಯ ಮೇಲೆ ಬಾವಿಯ ಹಣೆಬರಹ.

ಇಲ್ಲೇ ನಾವು ನಮ್ಮ ಗುಣ ತೋರಿಸಿದೆವು. ನಮ್ಮ ಕಡೆ ಮನೆಗೆ ಯಾರಾದರೂ ಬರುತ್ತಾರೆಂದರೆ, ಯಾಕೆ ಬರುತ್ತಾರೆ ಎಂದು ಕೇಳುವ ಮೊದಲೇ ಕೈಗೆ ಕಸಬರಿಗೆ ಬರುತ್ತದೆ. ಕನ್ಯೆ ನೋಡಲು ಬರುವವರಿದ್ದರೆ ದನದ ಕೊಟ್ಟಿಗೆಗೂ ಸುಣ್ಣ ಬೀಳುತ್ತದೆ. ಶನಿವಾರ ಸಂಜೆ ಸುಜಾತಾ ವಾಟ್ಸಾಪ್ ಗುಂಪಿಗೆ ಒಂದೇ ಸಾಲು ಬರೆದಳು: ಸೋಮವಾರ ಮುಂಜಾನೆ ಕಮಿಷನರ್ ಸಾಹೇಬರು ಬಾವಿ ನೋಡಲು ಬರುತ್ತಾರೆ, ಎಲ್ಲರೂ ಹಾಜರಿರಿ.

ಭಾನುವಾರ ಬೆಳಗ್ಗೆ ಸಿಸ್ಟರಜ್ಜಿ ಸೀರೆಯ ಕಚ್ಚೆ ಬಿಗಿದು ಬಾವಿಯ ದಂಡೆಯ ಮೇಲೆ ನಿಂತಿದ್ದರು. "ದೊಡ್ಡ ಮನಶ್ಯಾರು ಬರ್ತಾರ, ಬಾವಿ ಹಿಂಗ ಹೊಲಸ ಇಟ್ಕೊಂಡ್ರ ಏನಂದಾರು? ಬರ್ರಿ, ಬುಟ್ಟಿ ತರ್ರಿ!"

ಆ ದಿನದಂಥ ದಿನ ನನ್ನ ಬಾಳಿನಲ್ಲಿ ಕಡಿಮೆ. ಸಣ್ಣ ಜಿಟಿಜಿಟಿ ಮಳೆ. ಬಾವಿಯ ಮೆಟ್ಟಿಲುಗಳ ಮೇಲೆ ಕೆಳಗಿನಿಂದ ಮೇಲಿನವರೆಗೆ ಮಂದಿ ಸಾಲಾಗಿ ನಿಂತು ಬುಟ್ಟಿ ದಾಟಿಸಿದೆವು. ಬ್ಯಾಂಕಿನವರು, ಬಸ್ ಕಂಡಕ್ಟರು, ನಾನು, ಅಡಿಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಕಲ್ಲು ಎತ್ತಿಕೊಡುವ ಬಸವರಾಜ. ಪಡದ ಹೆಣ್ಣುಮಕ್ಕಳು ಸದ್ದು ಕೇಳಿ ಬಂದವರು ತಾವೂ ಸಾಲಿಗೆ ನಿಂತರು. ನಾವು ಒಂದು ಬುಟ್ಟಿ ದಾಟಿಸುವಷ್ಟರಲ್ಲಿ ಅವರು ಮೂರು ದಾಟಿಸಿ "ಏನ್ರಿ ಟೀಚರ್, ಸಾಲ್ಯಾಗ ಬರೇ ಚಾಕ್ಪೀಸ್ ಎತ್ತೀರೇನು?" ಎಂದು ಕಾಲೆಳೆದರು. ಮಧ್ಯಾಹ್ನ ಎಲ್ಲರ ಮನೆಯ ಬುತ್ತಿ ಒಂದೇ ಜಮಖಾನೆಯ ಮೇಲೆ ಬಿಚ್ಚಿತು. ಜೋಳದ ರೊಟ್ಟಿ, ಝುಣಕ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಒಂದೇ ಬಡಾವಣೆಯಲ್ಲಿದ್ದೂ ಹೆಸರು ಗೊತ್ತಿರದವರು ಅವತ್ತು ಒಬ್ಬರ ತಾಟಿನಿಂದ ಒಬ್ಬರು ಉಂಡೆವು.

ಮೇಲೆ ರಾಶಿಬಿದ್ದ ಕಲ್ಲು ಟೈಲ್ಸು ಏನು ಮಾಡುವುದು? ಅದಕ್ಕೂ ಅಜ್ಜಿಯ ಬಳಿ ಉತ್ತರವಿತ್ತು. "ಸಾಹೇಬ್ರ ಗಾಡಿ ಎರಿಯಾಗ ಸಿಕ್ಕೊಂಡ್ರ ನಮ್ಮ ಮರ್ಯಾದಿ ಏನ್ ಉಳೀತು? ದಾರಿಗೆ ಹಾಕ್ರಿ." ಗೇಟಿನಿಂದ ಬಾವಿಯತನಕ ಹಾಸಿದೆವು, ಕಂಡಕ್ಟರ್ ತಮ್ಮನ ಟ್ರ್ಯಾಕ್ಟರ್ ಹಾಯಿಸಿ ಗಟ್ಟಿ ಮಾಡಿದೆವು. ಸಂಜೆ ಬಾವಿಯ ಕಟ್ಟೆಗೆ ರಂಗೋಲಿ ಬಿತ್ತು. ಮೈಯೆಲ್ಲ ನೋವು, ಮನಸ್ಸೆಲ್ಲ ಹೂವು.

ಸೋಮವಾರ ಸುಜಾತಾ ಎಲ್ಲರಿಗಿಂತ ಮುಂಚೆ ಬಂದಳು. ಬಾವಿಯೊಳಗೆ ಬಗ್ಗಿ ನೋಡಿದಳು. ಮತ್ತೊಮ್ಮೆ ನೋಡಿದಳು. "ಕಲ್ಲೆಲ್ಲಿ ಹೋದ್ವು?"

"ಸ್ವಚ್ಛ ಮಾಡೀವಿ ತಂಗಿ! ಹೆಂಗ ಕಾಣಾಕತ್ತೈತಿ?" ಅಜ್ಜಿಯ ಮುಖ ಹಬ್ಬವಾಗಿತ್ತು.

ಸುಜಾತಾ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಅಜ್ಜೀ, ಅದ ನಮ್ಮ ಸಾಕ್ಷಿ ಇತ್ತಲ್ಲಬೇ! ಕಳವಾದ ಮನಿ ಸಾರಿಸಿ ರಂಗೋಲಿ ಹಾಕಿ ಪೊಲೀಸರನ್ನ ಕರದಂಗ ಆತಲ್ಲ. ನಮ್ಮ ಮಂದಿ ಗುಣ ಗೊತ್ತಿದ್ದೂ ನಾ ಹೇಳಲಿಲ್ಲ ನೋಡು."

ಸಿಸ್ಟರಜ್ಜಿ ಸುಮ್ಮನಾದದ್ದನ್ನು ನಾನು ಅದೇ ಮೊದಲು ನೋಡಿದ್ದು. ಅವರು ರಂಗೋಲಿಯನ್ನೇ ನೋಡುತ್ತಾ ನಿಂತಿದ್ದರು. ಇನ್ನೊಬ್ಬರು ಮುಚ್ಚಬಂದ ಬಾವಿಯನ್ನು ನಾವೇ ಮುಚ್ಚಿಸಿದೆವಲ್ಲ ಎಂದು ಅಳು ಬಂತು. ಬಸವರಾಜ "ನಾ ಮದಲ..." ಎಂದು ಶುರುಮಾಡಿದ. ನಾನು ನೋಡಿದ ನೋಟಕ್ಕೆ ಅಲ್ಲೇ ನಿಲ್ಲಿಸಿದ.

ಅಷ್ಟರಲ್ಲಿ ಕಾರು ಬಂತು. ಎಲ್ಲೂ ಜಾರದೆ, ಸಿಕ್ಕದೆ ಬಾವಿಯ ಹತ್ತಿರವೇ ಬಂದು ನಿಂತಿತು. ಹಿಂದೆಯೇ ಮ್ಯಾನೇಜರನ ಕಾರು. ಕಮಿಷನರ್ ಸಾಹೇಬರು ದಪ್ಪ ಕನ್ನಡಕದ, ಕಡಿಮೆ ಮಾತಿನ ಮನುಷ್ಯ. ಮ್ಯಾನೇಜರು ಬಾವಿಯೊಳಗೆ ಇಣುಕಿದ. ಮೊದಲು ಬೆರಗಾದ, ಆಮೇಲೆ ಹಲ್ಲು ಕಿರಿದ.

"ನೋಡ್ರಿ ಸರ, ಎಲ್ಲೈತಿ ಕಲ್ಲು, ಎಲ್ಲೈತಿ ಮಣ್ಣು? ನಾವು ಒಂದ್ ಬುಟ್ಟಿ ಸೈತ ಹಾಕಿಲ್ಲ. ಬರೇ ಸುಳ್ಳು ಕೇಸು."

ಕಮಿಷನರು ಬರೆದುಕೊಂಡರು. ಸುಜಾತಾ ತುಟಿ ಕಚ್ಚಿದಳು. ಅವರು ಹಾಳೆ ತಿರುವಿ, "ರಸ್ತೆನೂ ಮಾಡಿಕೊಟ್ಟಿಲ್ಲ ಅಂತ ದೂರಿನಾಗ ಐತಿ. ನಾ ಈಗ ಬಂದದ್ದು ರಸ್ತೆ ಮ್ಯಾಲೇ ಅಲ್ಲೇನು?" ಎಂದರು.

ಮ್ಯಾನೇಜರಿಗೆ ಹಬ್ಬದ ಮೇಲೆ ಹಬ್ಬ. ಬರುವಾಗಲೇ ದಾರಿಯಲ್ಲಿ ತಮ್ಮ ಟೈಲ್ಸು ಕಂಡಿದ್ದ. "ನಾವ ಮಾಡ್ಸೀವ್ರಿ ಸರ! ನಮ್ಮ ಆಫೀಸ್ ಕೆಡವಿದ ಮಾಲು ಹಾಕಿ ಗಟ್ಟಿ ಮಾಡ್ಸೀವಿ. ನೋಡ್ರಿ ಬೇಕಾರ, ಈ ನೀಲಿ ಟೈಲ್ಸು ನಮ್ಮ ಆಫೀಸಿಂದು. ಇಡೀ ವಿಜಯಪುರದಾಗ ಬ್ಯಾರೆ ಕಡೆ ಸಿಗಂಗಿಲ್ಲ."

ಸುಜಾತಾ ತಲೆ ಎತ್ತಿದಳು. ಆದರೆ ಅವಳಿಗಿಂತ ಮೊದಲು ಸಿಸ್ಟರಜ್ಜಿಗೆ ದನಿ ಬಂತು.

"ಖರೇ ಐತ್ರಿ ಸಾಹೇಬ್ರ, ಮಾಲು ಅವರದ. ಆದ್ರ ನಿನ್ನಿ ಮುಂಜಾನಿ ತನಕ ಅದು ಬಾವ್ಯಾಗಿತ್ತು. ನೀವು ಬರ್ತೀರಂತ ನಾವ ಹೊತ್ತು ತಂದು ದಾರಿಗೆ ಹಾಕೀವಿ. ನೀವು ಹುಡುಕೋ ಸಾಕ್ಷಿ ಮ್ಯಾಲ ನಿಮ್ಮ ಗಾಡಿ ಹಾಯಿಸ್ಕೊಂಡ ಬಂದೀರಿ."

ಕಮಿಷನರು ಬಗ್ಗಿ ಒಂದು ಚೂರು ಎತ್ತಿಕೊಂಡರು. ಅದರ ಹಿಂಬದಿಗೆ ಬಾವಿಯ ಹಾವಸೆ ಇನ್ನೂ ಹಸಿಯಾಗಿ ಅಂಟಿತ್ತು. ಫೈಲಿನಿಂದ ನಮ್ಮ ಫೋಟೋ ತೆಗೆದು, ಎದುರಿಗಿದ್ದ ಕಮಾನಿಗೆ ಹಿಡಿದು ನೋಡಿದರು. ಅದೇ ಕಮಾನು. ಫೋಟೋದಲ್ಲಿ ಅದರ ಕೆಳಗೆ ರಾಶಿಬಿದ್ದ ಅದೇ ನೀಲಿ ಟೈಲ್ಸು. "ಫೋಟೋದಾಗಿನ ಟೈಲ್ಸು, ನಿಮ್ಮ ಆಫೀಸಿನ ಟೈಲ್ಸು ಒಂದ ಏನ್ರಿ?" ಎಂದು ಮೆಲ್ಲಗೆ ಕೇಳಿದರು. ಆ ತಂಪು ಗಾಳಿಯಲ್ಲೂ ಮ್ಯಾನೇಜರು ಕರವಸ್ತ್ರ ತೆಗೆದ.

ಅವರು ಅಷ್ಟಕ್ಕೇ ನಿಲ್ಲಲಿಲ್ಲ, ಮೆಟ್ಟಿಲಿಳಿದು ತಳಕ್ಕೆ ಹೋದರು. ಭಾನುವಾರ ನಾವು ಬಳಿದು ಬಿಟ್ಟಿದ್ದ ನೆಲದಲ್ಲಿ ನೀರು ನಿಂತಿತ್ತು. "ಮಳಿ ನೀರ್ರಿ ಸರ" ಎಂದ ಮ್ಯಾನೇಜರು ಸಣ್ಣ ದನಿಯಲ್ಲಿ. ಕಮಿಷನರು ಗೋಡೆಯ ಸಂದಿಗೆ ಅಂಗೈ ಇಟ್ಟರು. ಅಲ್ಲಿಂದ ಸೆಲೆ ಪುಟಿಯುತ್ತಿತ್ತು. ಕಲ್ಲು ತೆಗೆದದ್ದೇ ಬಾವಿ ಉಸಿರುಬಿಟ್ಟಿತ್ತು. ಸಾಹೇಬರು ಕನ್ನಡಕ ತೆಗೆದು ಆ ನೀರಿನಿಂದ ಮುಖ ತೊಳೆದುಕೊಂಡರು. ಸತ್ತ ಬಾವಿಯ ನೀರಿನಿಂದ ಯಾರಾದರೂ ಮುಖ ತೊಳೆಯುತ್ತಾರೆಯೇ? ನನಗೆ ಕುಣಿಯುವಂತಾಯಿತು.

ಮೇಲೆ ಬಂದವರಿಗೆ ಅಜ್ಜಿ ರೊಟ್ಟಿ ತಾಟು ಹಿಡಿದರು. "ಅಜ್ಜೀ, ಬ್ಯಾಡ. ನಮ್ಮ ಕಡೆ ಉಂಡ್ರು ಅಂತ ನಾಳಿ ಅಂತಾರ" ಎಂದು ಸುಜಾತಾ ತಡೆದಳು. ಅಜ್ಜಿ ಇನ್ನೊಂದು ತಾಟು ತಂದು ಮ್ಯಾನೇಜರ ಮುಂದೆಯೂ ಹಿಡಿದು, "ಹಂಗಾರ ಎರಡೂ ಕಡೆಯವರು ಉಣ್ರಿ" ಎಂದರು. ಇಬ್ಬರೂ ಉಣ್ಣಲಿಲ್ಲ. ಇಬ್ಬರ ಡ್ರೈವರುಗಳೂ ಚೆನ್ನಾಗಿ ಉಂಡರು.

ದೀಪಾವಳಿಯ ಹೊತ್ತಿಗೆ ತೀರ್ಪು ಬಂತು. ಬಾವಿ ಮುಟ್ಟಬಾರದು, ಸುತ್ತ ಉದ್ಯಾನ ಮಾಡಬೇಕು, ಮಕ್ಕಳು ಬೀಳದಂತೆ ಕಟ್ಟೆ ಎತ್ತರಿಸಬೇಕು, ರಸ್ತೆಗೆ ಡಾಂಬರು ಹಾಕಬೇಕು. ಕೇಸು ಹಾಕಿದವರಿಗಷ್ಟೇ ಅಲ್ಲ, ಜಾಗ ಕೊಂಡ ಪ್ರತಿಯೊಬ್ಬರಿಗೂ ಅದು ಅನ್ವಯ ಎಂದಿತ್ತು. ಕೇಸಿನ ಹೆಸರು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದವರೂ ಅವತ್ತು ಅಜ್ಜಿಯ ಅಂಗಳಕ್ಕೆ ಹಣತೆ ತಂದಿಟ್ಟರು. ಬಾವಿಯ ಪ್ರತಿ ಮೆಟ್ಟಿಲಿಗೂ ದೀಪ. ಸಿಸ್ಟರಜ್ಜಿ ಸುಜಾತಾಳನ್ನು ತಬ್ಬಿಕೊಂಡು ಅತ್ತರು. ನಾನೂ ಅತ್ತೆ. ಬಸವರಾಜ ಕಣ್ಣಿಗೆ ಹೊಗೆ ಬಂತು ಎಂದ. ಪಟಾಕಿ ಇನ್ನೂ ಹಚ್ಚಿರಲಿಲ್ಲ.

ಬೇಸಿಗೆಯಲ್ಲಿ ಅಜ್ಜಿ ಮಾತು ಉಳಿಸಿಕೊಂಡರು. ನಿಡೋಣಿಯಿಂದ ಒಣಗಿದ ಸೋರೆಬುರುಡೆ ತರಿಸಿ, ಮೊದಲು ನನ್ನ ಮಗಳಿಗೆ, ಆಮೇಲೆ ನನ್ನ ನಡುವಿಗೆ ಕಟ್ಟಿದರು. ಹಳೆಯ ಚೂಡಿದಾರ ತೊಟ್ಟು, ನಲವತ್ತಕ್ಕೆ ಬಂದ ಹೆಂಗಸು, ಪುಟಾಣಿ ಹುಡುಗಿಯರ ನಡುವೆ ಥರಥರ ನಡುಗುತ್ತಾ ನಿಂತಿದ್ದೆ.

"ಟೀಚರ್, ಕೈ ಬಿಡ್ತೀನಿ."

"ಬ್ಯಾಡ್ರಿ ಅಜ್ಜಿ!"

ಬಿಟ್ಟೇಬಿಟ್ಟರು. ಮುಳುಗಿದೆ, ಮೂಗು ಬಾಯಿಗೆಲ್ಲ ನೀರು. ಆಮೇಲೆ ಬುರುಡೆ ನನ್ನನ್ನು ಮೇಲಕ್ಕೆತ್ತಿತು. ಕಣ್ಣು ಬಿಟ್ಟರೆ ಕಮಾನಿನ ಮೇಲೆ ದುಂಡಗಿನ ಆಕಾಶ, ಕಟ್ಟೆಯ ಮೇಲೆ ನನ್ನ ಟವೆಲ್ಲು ಚಪ್ಪಲಿ ಕಾಯುತ್ತಾ ಕೂತ ಬಸವರಾಜ. ಅಂಥ ಸುಖ ನನಗೆ ಅದಕ್ಕೆ ಮುಂಚೆ ಗೊತ್ತಿರಲಿಲ್ಲ.

ಹೋದ ಭಾನುವಾರ ಬಾವಿಯ ಕಟ್ಟೆಯ ಹತ್ತಿರ ಬಂದಾಗ ಕೆಳಗಿಂದ ಹುಡುಗಿಯರ ಕೇಕೆ ಕೇಳುತ್ತಿತ್ತು. ಸುಜಾತಾ ಕಲಬುರಗಿಗೆ ಹೊರಟಿದ್ದಾಳೆಂದು ಅಜ್ಜಿ ಕೆಳಗಿನಿಂದಲೇ ಕೂಗಿ ಹೇಳಿದರು. ಊರ ಸುತ್ತಲಿನ ಹಳೆಯ ಬಾವಿಗಳನ್ನು ಮುಚ್ಚಬಾರದೆಂದು ಅವಳು ಹಾಕಿರುವ ಅರ್ಜಿ ಅಲ್ಲಿ ನಡೆದಿದೆ. ಅರ್ಜಿದಾರರಲ್ಲಿ ಪಡದ ಹೆಣ್ಣುಮಕ್ಕಳೂ ಇದ್ದಾರೆ, ಕುರಿಯವರೂ ಇದ್ದಾರೆ. ಬಡಿಯುತ್ತೇನೆಂದ ಎರಡನೆಯ ಬಾಗಿಲನ್ನು ಅವಳು ಬಡಿದಿದ್ದಾಳೆ. ತೆರೆಯುತ್ತದೆ ಎಂಬ ನಂಬಿಕೆ ನನಗಿದೆ.

ಕಟ್ಟೆಯ ಮೇಲೆ ಒಬ್ಬ ಗಂಡಸು ಪುಟ್ಟ ಗುಲಾಬಿ ಚಪ್ಪಲಿ, ಟವೆಲ್ಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಹತ್ತಿರ ಹೋಗಿ ನೋಡಿದರೆ ನಮ್ಮ ಮ್ಯಾನೇಜರು. ನನ್ನನ್ನು ಕಂಡು ಅರ್ಧ ಎದ್ದ, ನಾಚಿ ಮತ್ತೆ ಕೂತ. "ಮಗಳಿಗೆ ಈಜು ಕಲೀಬೇಕಂತ್ರಿ" ಎಂದ.

ಕೆಳಗೆ ನೀರಿನಲ್ಲಿ ಸಿಸ್ಟರಜ್ಜಿ ಅವನ ಮಗಳ ಹೊಟ್ಟೆಯ ಕೆಳಗೆ ಕೈಯಿಟ್ಟು ಹಿಡಿದಿದ್ದರು. ಅಲ್ಲಿಂದಲೇ ತಲೆಯೆತ್ತಿ ಕೂಗಿದರು. "ಏನಪಾ, ಬರೂ ಮುಂದ ದಾರಿ ಛಲೋ ಇತ್ತೇನು?"

ಮ್ಯಾನೇಜರು ನನ್ನ ಮುಖ ನೋಡಿದ. ಆಮೇಲೆ ಅವನಿಗೂ ನಗು ತಡೆಯಲಾಗಲಿಲ್ಲ.

"ಛಲೋ ಇರದ ಏನ್ರಿ ಅಕ್ಕಾರ, ಮಾಲು ನಮ್ಮದ ಅಲ್ಲೇನ್ರಿ!"

ಬಾವಿಯ ತುಂಬ ನಗು. ಆ ನಗುವಿನಲ್ಲೇ ಅಜ್ಜಿ ಹುಡುಗಿಯನ್ನು ಹಿಡಿದ ಕೈ ಬಿಟ್ಟರು. ಅಪ್ಪ ಚಪ್ಪಲಿಗಳನ್ನು ಎದೆಗವಚಿಕೊಂಡು ಎದ್ದು ನಿಂತ. ಹುಡುಗಿ ಒಮ್ಮೆ ಮುಳುಗಿ, ಎದ್ದು, ಕೈಕಾಲು ಬಡಿಯುತ್ತಾ ತೇಲಿತು.